ಒಂದೇ ಉಸಿರಿನ ಬೈಗುಳ

ಹೋಮಾ ಬೇ ಊರಿನ ಸರೋವರದ ದಂಡೆಯಲ್ಲಿ ಒಮೆನ ಮೀನು ಒಣಗಿಸುವ ಹೆಂಗಸರ ಸಾಲಿನಲ್ಲಿ ಅಪೊಂಡಿಯ ಬಲೆ ಕೊನೆಯದು. ಅದರಾಚೆ ಒಂದು ಚಪ್ಪಟೆ ಬಂಡೆ, ಬಂಡೆಯಾಚೆ ನೀರು. ಬೆರಳುದ್ದವೂ ಇಲ್ಲದ ಬೆಳ್ಳಿ ಮೀನುಗಳನ್ನು ಬೆಳಗ್ಗೆ ಬಲೆಯ ಮೇಲೆ ಹರವಿದರೆ ಆಯಿತು, ಬಿಸಿಲು ಇಳಿಯುವವರೆಗೆ ಕೊಕ್ಕರೆಗಳನ್ನು ಓಡಿಸಬೇಕು, ನಡುನಡುವೆ ಮೀನು ಮಗುಚಬೇಕು. ಕೈಗೆ ಕೆಲಸ, ಕಣ್ಣಿಗೆ ಕೆಲಸ. ಕಿವಿ ಮಾತ್ರ ಖಾಲಿ. ಗಂಡ ತೀರಿಕೊಂಡ ಮೇಲೆ ಆ ಕಿವಿ ಇನ್ನಷ್ಟು ಖಾಲಿಯಾಗಿತ್ತು. ಅಲ್ಲಿ ಈಗ ಒಪುಕ್ ಅಜ್ಜಿ ಬಂದು ಕೂತಿದ್ದಳು.

ಒಪುಕ್ ಅಂದರೆ ಆಮೆ. ಅದೇ ಊರಿನ ರಾಗೊಟ್ ಎಂಬ ಹುಡುಗ ತನ್ನ ಬಾಡಿಗೆ ಕೋಣೆಯಲ್ಲಿ ಕೂತು ಚಿತ್ರ ಬರೆದು, ಪ್ರತಿ ಶುಕ್ರವಾರ ಫೋನಿಗೆ ಬಿಡುತ್ತಿದ್ದ ಕಾರ್ಟೂನಿನ ಆಮೆಯಜ್ಜಿ ಅವಳು. ದೋಣಿಕಟ್ಟೆಯ ಮೇಲೆ ಅವಳದೊಂದು ಗೂಡಂಗಡಿ. ಸಾಲ ಹೇಳಿ ಸಕ್ಕರೆ ಒಯ್ಯುವ ಮೊಸಳೆ, ತಕ್ಕಡಿಯಲ್ಲಿ ಕಾಲಿಡುವ ಕೊಕ್ಕರೆ, ಚುನಾವಣೆ ಬಂದಾಗ ಮಾತ್ರ ನೀರಿನಿಂದ ತಲೆಯೆತ್ತುವ ನೀರ್ಗುದುರೆ ಅವಳ ಗಿರಾಕಿಗಳು. ಕಂತಿನ ಕೊನೆಗೆ ಅಜ್ಜಿ ಅವರಲ್ಲೊಬ್ಬರಿಗೆ ಬೈಯುತ್ತಾಳೆ. ಅದೂ ಒಂದೇ ಉಸಿರಿನಲ್ಲಿ. ಆ ಬೈಗುಳ ಕೇಳಲಿಕ್ಕೆಂದೇ ಊರು ಕಾಯುತ್ತಿತ್ತು. ಅಜ್ಜಿಯ ಧ್ವನಿ ಯಾರದೆಂದು ಮಾತ್ರ ರಾಗೊಟ್ ಬಾಯಿ ಬಿಟ್ಟಿರಲಿಲ್ಲ. ಅವನ ತಾಯಿಯದೆಂದು ಕೆಲವರು, ಕಿಸುಮು ಪಟ್ಟಣದ ನಾಟಕದವಳೊಬ್ಬಳದೆಂದು ಕೆಲವರು ಹೇಳುತ್ತಿದ್ದರು.

ಅಭಿಮಾನಿಗಳಲ್ಲೊಂದು ಗುಂಪಿತ್ತು. ದಂಡೆಯ ಹಿಂದೆ ಜಡೆ ಹೆಣೆಯುವ ಅಂಗಡಿ ಇಟ್ಟಿದ್ದ ಕ್ವಿಂಟಾ ಅದರ ಯಜಮಾನಿ. ಈ ಗುಂಪಿನವರು ಬರೀ ನೋಡಿ ನಕ್ಕು ಬಿಡುವವರಲ್ಲ, ಲೆಕ್ಕ ಇಡುವವರು. ಮೊಸಳೆ ಎಷ್ಟು ಸಲ ಚಪ್ಪಲಿ ಕಳೆದುಕೊಂಡ, ನೀರ್ಗುದುರೆ ಯಾವ ಕಂತಿನಲ್ಲಿ ಯಾವ ಬಣ್ಣದ ಟೈ ಕಟ್ಟಿದ, ಯಾರ ಸಾಲ ತೀರಿತು ಯಾರದು ಬೆಳೆಯಿತು, ಎಲ್ಲಕ್ಕೂ ಬಣ್ಣಬಣ್ಣದ ನಕ್ಷೆ. ಎಲ್ಲಕ್ಕಿಂತ ದೊಡ್ಡದು ಬೈಗುಳದ ನಕ್ಷೆ. ಅಜ್ಜಿ ಉಸಿರೆಳೆಯುವ ಮುನ್ನ ಎಷ್ಟು ಮಾತು ಆಡಿದಳು ಎಂಬುದರ ಗೆರೆ.

ಆ ಕೆಲಸ ಅಪೊಂಡಿಯ ಪಾಲಿಗೆ ಬಂದಿತ್ತು. ಬಿಸಿಲಲ್ಲಿ ಅವಳ ಫೋನಿನ ಗಾಜಿನಲ್ಲಿ ಅವಳ ಮುಖವೇ ಕಾಣುತ್ತಿತ್ತೇ ಹೊರತು ಆಮೆ ಕಾಣುತ್ತಿರಲಿಲ್ಲ. ಹಾಗಾಗಿ ಅವಳು ಕಾರ್ಟೂನನ್ನು ನೋಡಿದವಳಲ್ಲ, ಕೇಳಿದವಳು. ಮತ್ತೆ ಮತ್ತೆ ಕೇಳಿ, ಬಂಡೆಯ ಮೇಲೆ ಮಾತಿಗೊಂದು ಬೆಣಚುಕಲ್ಲು ಇಡುತ್ತಿದ್ದಳು. ಅಜ್ಜಿ ಉಸಿರೆಳೆದಳೋ, ಸಾಲು ಅಲ್ಲಿಗೆ ನಿಂತಿತು. ಮುಂದಿನ ಶುಕ್ರವಾರಕ್ಕೆ ಮುಂದಿನ ಸಾಲು. ಕ್ವಿಂಟಾ ಬಂದು ಬಂಡೆಯ ಫೋಟೊ ತೆಗೆದು ನಕ್ಷೆಗೆ ಏರಿಸುತ್ತಿದ್ದಳು.

ಆ ವರ್ಷ ಸಾಲುಗಳು ಗಿಡ್ಡವಾಗುತ್ತ ಬಂದವು.

"ನೋಡು ಚಿಕ್ಕಮ್ಮ, ಹೋದ ವರ್ಷ ಗೆರೆ ಗುಡ್ಡ ಹತ್ತುತ್ತಿತ್ತು. ಈಗ ಜಾರುಬಂಡೆ," ಎಂದಳು ಕ್ವಿಂಟಾ. "ರಾಗೊಟ್‌ಗೆ ಸೋಮಾರಿತನ. ಹೆಸರು ಬಂತಲ್ಲ, ಇನ್ನು ಬರೆಯೋಕೆ ಕೈ ನೋವು."

"ಮಾತು ಮೊದಲಿನಷ್ಟೇ ಇದೆ ಕಣೆ. ಮಧ್ಯೆ ಡೋಲು ಸೇರಿಕೊಂಡಿದೆ."

"ಅದೇ ನಾನೂ ಹೇಳ್ತಿರೋದು. ಬೈಯೋ ಮಧ್ಯೆ ಯಾರಾದ್ರೂ ಡೋಲು ಬಾರಿಸ್ತಾರಾ? ನಿಮ್ಮತ್ತೆ ಬೈವಾಗ ಡೋಲು ಇತ್ತಾ?"

"ನಮ್ಮತ್ತೆಗೆ ಡೋಲು ಬೇಕಾಗಿರಲಿಲ್ಲ ಬಿಡು," ಎಂದು ಅಪೊಂಡಿ ನಕ್ಕಳು. ಆದರೆ ಡೋಲಿನ ಅಡಿಯಲ್ಲಿ ಇನ್ನೊಂದು ಸದ್ದಿತ್ತು. ಹಳೆ ಬಾಗಿಲಿನ ಅಗುಳಿ ಜಾರಿದ ಹಾಗೆ, ಗಂಟಲಿನಲ್ಲಿ ಒಂದು ಸಣ್ಣ 'ಟಿಕ್', ಆಮೇಲೆ ಎಳೆದುಕೊಂಡ ಉಸಿರು. ಅದನ್ನು ಹೇಳೋಣವೆಂದುಕೊಂಡಳು. ಅಷ್ಟರಲ್ಲಿ ಕೊಕ್ಕರೆಯೊಂದು ಬಲೆಗೆ ಇಳಿಯಿತು, ಮಾತು ಅಲ್ಲಿಗೇ ನಿಂತಿತು.

ಕ್ವಿಂಟಾ ನಕ್ಷೆಯನ್ನು ಊರಿಗೆಲ್ಲ ಹಂಚಿದಳು. 'ಅಜ್ಜಿಯ ಉಸಿರು ವಾಪಸ್ ಕೊಡು' ಎಂದು ಅದರ ಮೇಲೆ ಕೆಂಪಕ್ಷರದಲ್ಲಿ ಬರೆದಳು. ಚಹಾದಂಗಡಿ, ಮೋಟಾರ್‌ಸೈಕಲ್ ನಿಲ್ದಾಣ, ಚರ್ಚಿನ ಅಂಗಳ, ಎಲ್ಲಿ ಹೋದರೂ ಜನ ರಾಗೊಟ್‌ನನ್ನು ತಡೆದು ಕೇಳಿದರು, ಮಾತಿನಲ್ಲೇಕೆ ಜಿಪುಣತನವೆಂದು. ಆ ಜಾರುವ ಗೆರೆ ಬರೆಯುವ ಕೈಯದೆಂದೇ ಎಲ್ಲರೂ ತಿಳಿದಿದ್ದರು. ಆಮೆಯ ಹಿಂದೆಯೂ ಒಂದು ಎದೆಗೂಡಿದೆ ಎಂದು ಯಾರಿಗೂ ಹೊಳೆಯಲಿಲ್ಲ.

ಕೊನೆಗೆ ರಾಗೊಟ್ ಸೋತ. ಬರುವ ಶನಿವಾರ ಇಳಿಹೊತ್ತಿಗೆ ಚರ್ಚಿನ ಸಭಾಭವನದಲ್ಲಿ ಒಪುಕ್ ಅಜ್ಜಿ ಪರದೆಯ ಹಿಂದೆ ಕೂತು, ಡೋಲಿಲ್ಲದೆ, ಇದುವರೆಗಿನ ಎಲ್ಲಕ್ಕಿಂತ ಉದ್ದದ ಬೈಗುಳ ಬೈಯುತ್ತಾಳೆಂದು ಸಾರಿದ. ಗುಂಪು ಹಬ್ಬ ಮಾಡಿತು. ಅಪೊಂಡಿಯೂ ಸಂತೋಷದಿಂದ ತನ್ನ ಭಾನುವಾರದ ಉಡುಪನ್ನು ಒಗೆದು ಒಣಗಿಸಿಕೊಂಡಳು.

ಶನಿವಾರ ಮಧ್ಯಾಹ್ನ ಅವಳು ಮೀನು ಮಗುಚುತ್ತಿದ್ದಳು. ಪಕ್ಕದ ಬಲೆಯವಳ ರೇಡಿಯೊದಲ್ಲಿ ಸಾವಿನ ಸುದ್ದಿಯ ಹೊತ್ತು. ಆ ಹೊತ್ತಿಗೆ ದಂಡೆಯ ಮಾತೆಲ್ಲ ತಾನಾಗಿ ತಗ್ಗುತ್ತದೆ. ಒಡುಂಡೊ ಎಂಬ ಹಿರಿಯ ಓದುತ್ತಾನೆ: ತೀರಿಕೊಂಡವರು ಇಂಥವರು, ಇಂಥವರ ಮಗ, ಇಂಥವಳ ಗಂಡ, ಇಂಥಿಂಥವರ ತಂದೆ, ಇಂಥವರ ಬೀಗ, ಹೂಳುವುದು ಇಂಥ ದಿನ. ನಂಟರ ಹೆಸರು ಒಂದೂ ತಪ್ಪುವಂತಿಲ್ಲ. ತಪ್ಪಿದರೆ ಮುನಿಸು ಮೊಮ್ಮಕ್ಕಳ ಕಾಲದವರೆಗೆ ಹೋಗುತ್ತದೆ. ಅಪೊಂಡಿಯ ಗಂಡನ ಸುದ್ದಿಯನ್ನೂ ಅವನೇ ಓದಿದ್ದ. ಅಷ್ಟುದ್ದದ ಬಂಧುಬಳಗವನ್ನು ಎಲ್ಲಿಯೂ ನಿಲ್ಲದೆ ಓದಿ, 'ದಂಡೆಯಲ್ಲಿ ಮೀನು ಒಣಗಿಸುವ ಅಪೊಂಡಿಯ ಗಂಡ' ಎಂದು ಅವಳ ಹೆಸರನ್ನು ಕೊನೆಗೆ ಮೆಲ್ಲಗೆ ಇಳಿಸಿದ್ದ. ಅಂದು ಮನೆಯಲ್ಲಿ ಯಾರು ಏನು ಸಮಾಧಾನ ಹೇಳಿದರೋ ಅವಳಿಗೆ ನೆನಪಿಲ್ಲ. ಆ ಧ್ವನಿ ಮಾತ್ರ ನೆನಪಿದೆ.

ಈಗ ಅದೇ ಧ್ವನಿ ಕರಾಚುವೊನ್ಯೊ ಕಡೆಯ ಮುದುಕಿಯೊಬ್ಬಳ ಸುದ್ದಿ ಓದುತ್ತಿತ್ತು. "ದಿವಂಗತ ಯೋನಾ ಅವರ ಮಡದಿ, ಮೇಷ್ಟರು ಒಬುರಾ ಅವರ ತಾಯಿ, ಅಬುಯಾ ಮತ್ತು..."

ಟಿಕ್. ಎಳೆದ ಉಸಿರು. "...ಮತ್ತು ಅವರ ತಂಗಿಯರ ಅಜ್ಜಿ."

ಅಪೊಂಡಿಯ ಕೈಯಲ್ಲಿದ್ದ ಮೀನು ಕೆಳಗೆ ಬಿತ್ತು. ಬಂಡೆಯ ಮೇಲಿನ ಗಿಡ್ಡ ಸಾಲುಗಳನ್ನು ನೋಡಿದಳು. ಮತ್ತೆ ಕಿವಿಗೊಟ್ಟಳು. ಮುಂದಿನ ಹೆಸರಿನ ನಡುವೆ ಅದೇ ಅಗುಳಿ, ಅದೇ ಉಸಿರು. ಇಲ್ಲಿ ಮುಚ್ಚಲು ಡೋಲು ಇರಲಿಲ್ಲ. ಅಜ್ಜಿಯ ಕೀರಲು ದನಿಯೊಳಗೆ ಇಷ್ಟು ದಿನ ಅಡಗಿದ್ದವನು ಇವನೇ.

'ದೇವರೇ,' ಎಂದುಕೊಂಡಳು ಅವಳು, 'ಇವತ್ತು ಅವನನ್ನು ಕೂರಿಸಿ ಬೈಯಿಸುವವರು ನಾವೇ.'

ಬಲೆಯನ್ನು ಪಕ್ಕದವಳಿಗೆ ಒಪ್ಪಿಸಿ ಕ್ವಿಂಟಾಳ ಅಂಗಡಿಗೆ ಓಡಿದಳು. ಕ್ವಿಂಟಾ ಗಿರಾಕಿಯೊಬ್ಬಳ ಅರ್ಧ ತಲೆ ಹೆಣೆದಿದ್ದಳು, ಉಳಿದರ್ಧ ಪೊದೆಯಂತೆ ನಿಂತಿತ್ತು.

"ಒಡುಂಡೊ? ಸಾವಿನ ಒಡುಂಡೊ?" ಕ್ವಿಂಟಾಗೆ ನಗು ತಡೆಯಲಾಗಲಿಲ್ಲ. "ಚಿಕ್ಕಮ್ಮ, ಬಿಸಿಲು ತಲೆಗೇರಿದೆ ನಿಂಗೆ. ನೀರು ಕುಡಿ."

"ಅವನಿಗೆ ಉಸಿರು ಸಾಲ್ತಿಲ್ಲ ಕಣೆ. ನಮ್ಮ ನಕ್ಷೆ ತೋರಿಸ್ತಿರೋದು ಅದನ್ನೇ. ಡೋಲು ಹಾಕಿದ್ದು ಅದನ್ನ ಮುಚ್ಚೋಕೆ."

"ಜಗಳ ಆಡಿ, ಕಾಡಿ ಬೇಡಿ ಈ ದಿನ ತಂದಿದ್ದೀವಿ. ಈಗ ನಿಲ್ಲಿಸು ಅಂದ್ರೆ ಜನ ನನ್ನ ಹೆಣೀತಾರೆ."

"ಅಕ್ಕ, ಮೊದಲು ನನ್ನ ತಲೆ ಹೆಣೀರಿ," ಎಂದಳು ಗಿರಾಕಿ.

ಅಪೊಂಡಿ ಮೀನಿನ ವಾಸನೆಯ ಬಟ್ಟೆಯಲ್ಲೇ ಸಭಾಭವನಕ್ಕೆ ನಡೆದಳು. ಒಗೆದಿಟ್ಟ ಉಡುಪು ನೆನಪಾದದ್ದು ಬಾಗಿಲಿಗೆ ಬಂದ ಮೇಲೆ. ಒಳಗೆ ಬೆಂಚುಗಳು ಆಗಲೇ ತುಂಬಿದ್ದವು. ಮುಂದೆ ನ್ಯಾತಿತಿ ಎಂಬ ತಂತಿವಾದ್ಯ ಬಾರಿಸುವವನೊಬ್ಬ ಕೂತು, ಮೀಟಿ ಹಾಡಿ ಜನರನ್ನು ಹುರಿದುಂಬಿಸುತ್ತಿದ್ದ. ಅವಳು ಗೋಡೆ ಬದಿಯಿಂದ ಸರಿದು ವೇದಿಕೆಯ ಹಿಂದಿನ ಕೋಣೆಗೆ ಹೋದಳು. ಬಾಗಿಲಲ್ಲಿ ರಾಗೊಟ್ ನಿಂತಿದ್ದ.

"ಅಕ್ಕ, ಇಲ್ಲಿ ಯಾರಿಗೂ ಪ್ರವೇಶ ಇಲ್ಲ."

"ಒಡುಂಡೊ ಅಜ್ಜನ್ನ ನೋಡಬೇಕು."

ರಾಗೊಟ್‌ ತಟ್ಟನೆ ಸುತ್ತ ನೋಡಿದ. ಇಷ್ಟು ದಿನ ಯಾರಿಗೂ ಸಿಗದ ಗುಟ್ಟನ್ನು ಮೀನಿನವಳೊಬ್ಬಳು ಬಂದು ಬಾಗಿಲಲ್ಲಿ ಹೇಳುತ್ತಿದ್ದಳು. ಪಕ್ಕಕ್ಕೆ ಸರಿದ.

ರೇಡಿಯೊದಿಂದ ನೇರ ಇಲ್ಲಿಗೆ ಬಂದಿದ್ದ ಒಡುಂಡೊ ಕುರ್ಚಿಯ ತುದಿಯಲ್ಲಿ, ಮೊಣಕಾಲಿನ ಮೇಲೆ ಕೈಯೂರಿ ಕೂತಿದ್ದ. ಪಾದಗಳು ಊದಿ ಷೂ ಲೇಸು ಬಿಚ್ಚಿದ್ದವು. ಕೋಟು ಮಾತ್ರ ಇಸ್ತ್ರಿ ಮಾಡಿದ್ದು. ಅಪೊಂಡಿ ಅವನ ಮುಂದೆ ನೆಲದ ಮೇಲೆ ಕೂತು ಎಲ್ಲ ಹೇಳಿದಳು: ಬಂಡೆ, ಕಲ್ಲು, ನಕ್ಷೆ, ರೇಡಿಯೊ. ಅವನು ತಲೆ ಬಗ್ಗಿಸಿ ಕೇಳಿದ.

"ಅಂದ್ರೆ ನನ್ನ ಉಸಿರಿಗೆ ಕಲ್ಲು ಇಡ್ತಿದ್ದವಳು ನೀನೇನಾ, ಮಗಳೇ," ಎಂದ ಕೊನೆಗೆ.

"ಇವತ್ತು ಬೇಡ ಅಜ್ಜ. ಆಸ್ಪತ್ರೆಗೆ ಹೋಗೋಣ. ನಿಮ್ಮನ್ನ ಬೈಯಿಸಿ ಏನಾದ್ರೂ ಆದ್ರೆ ನಾನು ಆ ಬಂಡೆ ಹತ್ರ ಹೆಂಗೆ ಕೂರಲಿ?"

"ನಾನೂ ಹೇಳಿದೆ ಅಕ್ಕ," ರಾಗೊಟ್‌ ಎಂದ. "ಕೇಳ್ತಿಲ್ಲ. ಜನ ಬಿಡ್ತಿಲ್ಲ, ಇವರೂ ಬಿಡ್ತಿಲ್ಲ."

ಒಡುಂಡೊ ಒಂದು ಮಾತಿಗೊಂದು ಉಸಿರು ತೆಗೆದುಕೊಳ್ಳುತ್ತ ಹೇಳಿದ. "ಅರ್ಧ ಆಯುಸ್ಸು ಸಾವಿನ ಸುದ್ದಿ ಓದಿದೆ ತಾಯಿ. ಬೀದೀಲಿ ನಾನು ನಮಸ್ಕಾರ ಅಂದ್ರೆ ಜನ 'ಯಾರು ಹೋದ್ರು' ಅಂತ ಕೇಳ್ತಾರೆ. ಮಕ್ಕಳು ನನ್ನ ಕಂಡ್ರೆ ತಾಯಿ ಸೆರಗು ಹಿಡೀತಾವೆ. ಈ ಹುಡುಗ ಒಂದು ದಿನ ಬಂದು, ಅಜ್ಜ, ನಂಗೊಂದು ಆಮೆ ಬೇಕು ಅಂದ. ಅವತ್ತಿಂದ ಅವನ ಕೋಣೇಲಿ ಕೂತು ಗೋಡೆಗೆ ಬೈದಿದ್ದೀನಿ. ಊರು ನಗುತ್ತೆ ಅಂತಾರೆ. ಆ ನಗು ನಾನು ಒಂದು ಸಲಾನೂ ಕೇಳಿಲ್ಲ. ಇವತ್ತು ಒಂದು ಪರದೆ ಅಡ್ಡ, ಅಷ್ಟೇ." ಎದೆ ಒತ್ತಿಕೊಂಡ. "ಕೇಳಿಬಿಡ್ತೀನಿ. ಆಮೇಲೆ ಎಲ್ಲಿಗೆ ಕರೆದ್ರೂ ಬರ್ತೀನಿ."

ಅಪೊಂಡಿ ನೆಲದಿಂದ ಎದ್ದಳು. ಹೊರಗೆ ಜನ ಕಾಲು ತಟ್ಟತೊಡಗಿದ್ದರು. ರಾಗೊಟ್ ಒಡುಂಡೊನ ತೋಳು ಹಿಡಿದು ಪರದೆಯ ಹಿಂದೆ ಕೂರಿಸಿದ. "ಪಕ್ಕದ ಮನೆಯವರ ಕಾರು ಹಿಂಬಾಗಿಲಿಗೆ ತರಿಸು," ಎಂದು ರಾಗೊಟ್‌ನ ಕಿವಿಯಲ್ಲಿ ಹೇಳಿ ಅಪೊಂಡಿ ಸಭೆಯೊಳಗೆ ಬಂದು, ಮುಂದಿನ ಸಾಲಿನ ತುದಿಯಲ್ಲಿ ನಿಂತಳು. ಕ್ವಿಂಟಾ ಅಷ್ಟರಲ್ಲಿ ಬಂದು, ಗುಂಪಿನವರ ನಡುವೆ ಲೆಕ್ಕಕ್ಕೆಂದು ಫೋನು ಹಿಡಿದು ಕೂತಿದ್ದಳು.

ನ್ಯಾತಿತಿಯವನ ಹಾಡಿನ ನಡುವೆ ಮುದುಕನೊಬ್ಬ ಎದ್ದು, ವೇದಿಕೆಯ ಮೇಲೊಂದು ನಾಣ್ಯ ಇಟ್ಟು, ಕೈಯೆತ್ತಿದ. ಹಾಡು ತಟ್ಟನೆ ನಿಂತಿತು. ಮುದುಕ ತನ್ನನ್ನೂ ತನ್ನ ಎತ್ತುಗಳನ್ನೂ ತನ್ನ ಮಾವನ ಮನೆಯವರನ್ನೂ ಹೊಗಳಿಕೊಂಡ. ಜನ ನಕ್ಕರು. ಮುದುಕ ಕೂತ ಮೇಲೆಯೇ ತಂತಿ ಮತ್ತೆ ಮಾತಾಡಿತು. ನಾಣ್ಯ ಇಟ್ಟು ಹೊಗಳಿಕೆಗೆ ನಿಂತವರ ಮಾತು ಮುಗಿಯುವವರೆಗೆ ಎಂಥ ಹಾಡುಗಾರನೂ ಬಾಯಿ ತೆರೆಯುವಂತಿಲ್ಲ. ಅಪ್ಪ, ಅಜ್ಜಂದಿರ ಕಾಲದ ರೂಢಿ. ಅಪೊಂಡಿ ಹುಟ್ಟಿದಾಗಿನಿಂದ ನೋಡಿದ್ದಳು, ಒಮ್ಮೆಯೂ ಎದ್ದು ನಿಂತವಳಲ್ಲ. ಚರ್ಚಿನ ಹಾಡಿನಲ್ಲೂ ಅವಳು ಹಿಂದಿನ ಸಾಲಿನವಳು. ಈಗ ಅವಳ ಕೈ ಸೊಂಟದ ಗಂಟಿನಲ್ಲಿದ್ದ ನಾಣ್ಯಕ್ಕೆ ಹೋಯಿತು.

ಪರದೆಯ ಮೇಲೆ ಆಮೆಯ ಚಿತ್ರ ಬೆಳಗಿತು. ಸಭೆ ಗದ್ದಲವೆಬ್ಬಿಸಿ ಸುಮ್ಮನಾಯಿತು.

"ಏ ಮೊಸಳೆ," ಎಂದಿತು ಆ ಧ್ವನಿ, "ನಿನ್ನ ಬಾಯಿ ಇಷ್ಟಗಲ, ನಿನ್ನ ಬಾಲ ಅಷ್ಟುದ್ದ, ನಿನ್ನ ಸಾಲ ಅವೆರಡಕ್ಕಿಂತ ಉದ್ದ, ಸಕ್ಕರೆ ಕೇಳುವಾಗ ಅಜ್ಜಿ, ದುಡ್ಡು ಕೇಳಿದರೆ ಯಾವ ಅಜ್ಜಿ, ನಿನ್ನ ಅಪ್ಪ ಹೀಗೇ ನೀರಿಗೆ ಮುಳುಗಿ ನನ್ನ ಉಪ್ಪು ಕರಗಿಸಿದ, ನೀನು..."

ನಗುವಿನ ಅಲೆಯ ಕೆಳಗೆ ಅಪೊಂಡಿಗೆ ಅದು ಕೇಳಿಸಿತು. ಟಿಕ್. ಆದರೆ ಈ ಸಲ ಅದರ ಹಿಂದೆ ಉಸಿರು ಬರಲಿಲ್ಲ.

ಅವಳು ನಾಣ್ಯವನ್ನು ವೇದಿಕೆಯ ಹಲಗೆಗೆ ಬಡಿದಳು. "ನಿಲ್ಲಿಸಿ. ನನ್ನದೊಂದು ಹೊಗಳಿಕೆ ಇದೆ."

ಸಭೆ ತಿರುಗಿ ನೋಡಿತು. ಬೈಗುಳಕ್ಕೆ ಅಡ್ಡ ಬಂದವರನ್ನು ಯಾರೂ ಕಂಡಿರಲಿಲ್ಲ. ಆದರೆ ನಾಣ್ಯ ಬಿದ್ದಿತ್ತು, ರೂಢಿ ರೂಢಿಯೇ. ಹಿಂದಿನಿಂದ ಯಾರೋ ಗಂಡಸು, "ಹೇಳಮ್ಮ, ಬೇಗ ಹೇಳು," ಎಂದ.

"ಬೇಗ ಹೇಳೋಕೆ ನಾನೇನು ಬಸ್ಸಿಗೆ ಬಂದಿಲ್ಲ," ಎಂದಳು ಅಪೊಂಡಿ. "ನಾನು ಅಪೊಂಡಿ. ಕೊಕ್ಕರೆಗಳ ವೈರಿ. ಈ ದಂಡೆಯ ಕೊಕ್ಕರೆಗಳು ಮಕ್ಕಳನ್ನ ಮಲಗಿಸುವಾಗ ನನ್ನ ಹೆಸರು ಹೇಳಿ ಹೆದರಿಸ್ತಾವೆ. ನನ್ನ ಮೀನು ತಿಂದ ಬೆಕ್ಕು ಬೇರೆ ಮನೆ ಹಾಲು ಮೂಸಲ್ಲ. ನನ್ನ ವಾಸನೆ ನನಗಿಂತ ಮೊದಲೇ ಬಂದು ಜಾಗ ಹಿಡಿದಿರುತ್ತೆ..."

ಮುಂದಿನ ಸಾಲಿನವರು ಮೂಗು ಮುಚ್ಚಿಕೊಂಡು ನಕ್ಕರು. ಅವಳು ಒಂದೊಂದು ಮಾತನ್ನೂ ಎಳೆದಳು. ಬಾಯಿ ಸಭೆಯ ಕಡೆ, ಕಿವಿ ಪರದೆಯ ಕಡೆ. ಒಳಗೆ ಉಸಿರು ಬಂತು. ಹರಿದು ಹರಿದು ಬಂತು. ತುಸು ನೆಟ್ಟಗಾಯಿತು. ಆಗ ಅವಳು ಕೂತಳು.

"ಯಾರೇ ಅದು, ನನ್ನ ಬಾಯಿಗೆ ಬೀಗ ಹಾಕಿದ ಮೀನಿನವಳು?" ಎಂದಿತು ಪರದೆ. "ಒಣಗಿದ ಮೀನಿನ ಹಾಗೆ ನೀನು, ಹಸಿಮೆಣಸಿನ ಹಾಗೆ ನಿನ್ನ ಬಾಯಿ..."

ಸಭೆ ಬೆಂಚು ಬಡಿದು ನಕ್ಕಿತು. ಆದರೆ ಬೈಗುಳ ಮೊಸಳೆಯ ಕಡೆಗೆ ಮರಳಿ ಸ್ವಲ್ಪ ಸಾಗುವಷ್ಟರಲ್ಲಿ ಮತ್ತೆ ಟಿಕ್. ಆದರೆ ರೂಢಿಯಂತೆ, ಒಮ್ಮೆ ಹೊಗಳಿಕೊಂಡವರು ಇನ್ನೊಬ್ಬರು ಎದ್ದು ಹೊಗಳಿಕೊಳ್ಳುವವರೆಗೆ ಮತ್ತೆ ಏಳುವಂತಿಲ್ಲ. ಅಪೊಂಡಿ ಕ್ವಿಂಟಾಳತ್ತ ನೋಡಿದಳು. ನಕ್ಷೆ ಕೆಟ್ಟ ಸಿಟ್ಟಿಗೆ ಕ್ವಿಂಟಾಳ ಮುಖ ಬಿಗಿದಿತ್ತು. ಪರದೆಯ ಹಿಂದೆ ಮಾತಿಲ್ಲ. ಆಮೆಯ ಚಿತ್ರ ಬಾಯಿ ತೆರೆದು ನಿಂತಿತ್ತು. ಯಾರೋ ಕೆಮ್ಮಿದರು. ಅಪೊಂಡಿ ಬೆರಳಿನಿಂದ ಕಿವಿಯನ್ನು ಮುಟ್ಟಿ ತೋರಿಸಿದಳು.

ಕ್ವಿಂಟಾ ಫೋನು ಕೆಳಗಿಟ್ಟು ಆಲಿಸಿದಳು. ಮೊದಲ ಸಲ ಅವಳಿಗೂ ಕೇಳಿಸಿತು. ಮುಖದ ಬಿಗಿ ಬಿಚ್ಚಿ, ಅಲ್ಲಿ ಹೆದರಿಕೆ ಬಂತು. ಎದ್ದವಳೇ ಬೆಂಚುಗಳ ನಡುವೆ ಓಡಿ ಬಂದು ನಾಣ್ಯ ಇಟ್ಟಳು.

"ನಾನು ಕ್ವಿಂಟಾ. ನಾನು ಹೆಣೆದ ಜಡೆ ಬಿಚ್ಚೋಕೆ ಗಂಡ ಬೇಕು, ಮೈದುನ ಬೇಕು, ಸುತ್ತಿಗೆ ಬೇಕು..."

ಅವಳು ಕೂರುವ ಮುನ್ನ ಗುಂಪಿನವರ ಕಡೆ ತಿರುಗಿ ಕಣ್ಣು ಬಿಟ್ಟಳು. ಯಾಕೆಂದು ಅವರಿಗೆ ತಿಳಿಯಲಿಲ್ಲ. ಆದರೆ ಯಜಮಾನಿಯ ಆ ಕಣ್ಣಿನ ಅರ್ಥ ತಿಳಿಯಿತು. ಅಜ್ಜಿ ಎರಡು ಮಾತು ಬೈದಳೋ ಇಲ್ಲವೋ, ಗುಂಪಿನವನೊಬ್ಬ ಎದ್ದ. ಆಮೇಲೆ ಇನ್ನೊಬ್ಬಳು. ಆಮೇಲೆ ಗುಂಪಿಗೆ ಸೇರದ ಚಹಾದಂಗಡಿಯವನು. ಅಜ್ಜಿ ಪ್ರತಿಯೊಬ್ಬರಿಗೂ ಒಂದೊಂದು ಚುಟುಕು ಬೈಗುಳ ಕೊಟ್ಟಳು. ಬೈಸಿಕೊಳ್ಳಲು ಜನ ಸಾಲು ನಿಂತರು. ಬೈಗುಳ ಚೂರುಚೂರಾಗಿ, ಹಿಂದೆಂದೂ ಇಲ್ಲದಷ್ಟು ಗಿಡ್ಡ ಉಸಿರುಗಳಲ್ಲಿ, ಸಂಜೆಯ ಕಡೆಗೆ ಸಾಗಿ ಮುಗಿಯಿತು.

ಅಪೊಂಡಿ ಪರದೆಯ ಹಿಂದೆ ಹೋದಾಗ ಒಡುಂಡೊನ ತುಟಿ ಬೂದಿ ಬಣ್ಣವಾಗಿತ್ತು. ಕೋಟು ಬೆವರಿಗೆ ತೊಯ್ದಿತ್ತು. ಕಣ್ಣು ಮಾತ್ರ ಸಭೆಯ ಕಡೆಗೇ ಇತ್ತು. "ಕೇಳಿಸಿತಾ?" ಎಂದ, ತಾನು ಕೇಳಿದ್ದು ನಿಜವೋ ಅಲ್ಲವೋ ಎನ್ನುವ ಹಾಗೆ.

"ಕೇಳಿಸಿತು ಅಜ್ಜ. ಈಗ ನಡೀರಿ."

ಕಾರು ಹಿಂಬಾಗಿಲಲ್ಲಿತ್ತು. ಆಸ್ಪತ್ರೆಯ ವೈದ್ಯೆ ಅವನ ಎದೆಗೆ ಸ್ಟೆತಸ್ಕೋಪು ಇಟ್ಟು ಬಹಳ ಹೊತ್ತು ಆಲಿಸಿದಳು. ಹೃದಯ ದಣಿದು ಶ್ವಾಸಕೋಶದಲ್ಲಿ ನೀರು ತುಂಬಿದೆಯೆಂದು ಹೇಳಿ ಹಾಸಿಗೆ ತೋರಿಸಿದಳು. ಎಷ್ಟು ದಿನ ಎಂದು ಹೇಳಲಿಲ್ಲ.

ಮರುದಿನದಿಂದ ಮಧ್ಯಾಹ್ನದ ಸುದ್ದಿಯನ್ನು ಹೆಂಗಸೊಬ್ಬಳು ಓದಿದಳು. ಒಳ್ಳೆಯ ಧ್ವನಿಯೇ. ಆದರೆ ಅವಳು 'ತೀರಿಕೊಂಡವರು' ಎಂದು ಶುರುಮಾಡಿದಾಗಲೆಲ್ಲ ಅಪೊಂಡಿಯ ಕೈ ಮೀನಿನ ಮೇಲೆ ಹಾಗೆಯೇ ನಿಲ್ಲುತ್ತಿತ್ತು. ಹೆಸರು ಬೇರೆಯದೆಂದು ತಿಳಿದ ಮೇಲೆ ಉಸಿರು ಬಿಡುವಳು. ಬಿಟ್ಟ ಕೂಡಲೇ, ಆ ಬೇರೆಯ ಮನೆಯವರಿಗಾಗಿ ತುಟಿಯಲ್ಲೇ ಒಂದು ಪ್ರಾರ್ಥನೆ ಹೇಳುವಳು. ಶುಕ್ರವಾರ ಕಾರ್ಟೂನಿನಲ್ಲಿ ಅಜ್ಜಿ ಚಿಪ್ಪಿನೊಳಗೆ ನಿದ್ದೆ ಹೋಗಿದ್ದಳು. ಗಿರಾಕಿಗಳು ತುದಿಗಾಲಲ್ಲಿ ಬಂದು ತಾವೇ ಸಕ್ಕರೆ ತೂಗಿಕೊಂಡು ಹೋದರು. ಅದರ ಮುಂದಿನ ಶುಕ್ರವಾರವೂ ನಿದ್ದೆ. ಗುಂಪಿನವರು ಕಾರಣ ಕೇಳಿದರೆ ಕ್ವಿಂಟಾ, "ಆಮೆಗಳು ಮಲಗ್ತಾವೆ, ಸುಮ್ನಿರಿ," ಎಂದಳು. ಗುಟ್ಟು ಅವಳ ಹೊಟ್ಟೆಯಲ್ಲಿ ಉಳಿಯಿತು.

ಮಳೆಗಾಲ ಕಳೆದು ಬಲೆಗಳು ಮತ್ತೆ ಬಿಸಿಲಿಗೆ ಬಿದ್ದ ಮೇಲೆ ಒಂದು ಶುಕ್ರವಾರ, ಅಪೊಂಡಿಯ ಕಿವಿಯಲ್ಲಿ ಚಿಪ್ಪು ಕರಕರ ಎಂದಿತು.

"ಏ ಮೊಸಳೆ," ಎಂದಿತು ಧ್ವನಿ. ತೆಳ್ಳಗಾಗಿತ್ತು, ಆದರೆ ಅದೇ. "ನಾನು ಮಲಗಿದ್ದಾಗ ಸಕ್ಕರೆ ಒಯ್ದೆಯಲ್ಲ. ತಾಳು, ಉಸಿರು ತಗೋತೀನಿ, ಆಮೇಲೆ ಬೈತೀನಿ."

ಉಸಿರು ಬಂತು. ಡೋಲಿರಲಿಲ್ಲ. ಮೊಸಳೆ ಕಾದು ನಿಂತಿದ್ದ. ಬೈಗುಳ ಮತ್ತೆ ಮುಂದುವರಿಯಿತು, ಮತ್ತೆ ನಿಂತಿತು, ಮತ್ತೆ ಹೊರಟಿತು.

ಕ್ವಿಂಟಾ ಫೋಟೊ ತೆಗೆಯಲು ಬಂದಾಗ ಬಂಡೆಯ ಮೇಲೆ ಹೊಸ ಸಾಲಿತ್ತು. ನಾಲ್ಕು ಕಲ್ಲು, ಒಂದಿಷ್ಟು ಜಾಗ, ಮತ್ತೆ ಮೂರು ಕಲ್ಲು, ಮತ್ತೆ ಜಾಗ. ಸಾಲು ಬಂಡೆಯ ಅಂಚು ದಾಟಿ ಮರಳಿಗೆ ಇಳಿದಿತ್ತು.

"ಚಿಕ್ಕಮ್ಮ, ಉಸಿರೆಳೆದಲ್ಲಿ ಸಾಲು ಮುಗೀಬೇಕಲ್ವಾ?"

"ಇನ್ಮೇಲೆ ಮುಗಿಯಲ್ಲ," ಎಂದಳು ಅಪೊಂಡಿ. "ಜಾಗ ಬಿಟ್ಟು ಎಣಿಸು." ಬಲೆಯ ತುದಿಗೆ ಕೊಕ್ಕರೆಯೊಂದು ಇಳಿಯುತ್ತಿತ್ತು. ಅವಳು ಸಾಲಿನ ಕಲ್ಲು ಮುಟ್ಟದೆ, ಬೇರೊಂದು ಕಲ್ಲು ಹುಡುಕಿ ಬೀಸಿದಳು.